ಜೀಪು ತಿನ್ನದ ಮನುಷ್ಯ

ಮೊನ್ನೆ ಅವರ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಿ ಬಂದೆ. ವಾಪಸ್ಸು ಬರುವಾಗ ಜೊತೆಯಲ್ಲಿದ್ದವರೆಲ್ಲ ‘ದೇವರಂಥ ಮನುಷ್ಯ, ಒಬ್ಬರ ತಂಟೆಗೆ ಹೋದವರಲ್ಲ’ ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬಂತು. ಸತ್ತವರನ್ನೆಲ್ಲ ಒಂದೇ ಅಚ್ಚಿಗೆ ಹಾಕಿ ತೆಗೆಯುವುದು ನಮ್ಮ ಜನಕ್ಕೆ ಅಭ್ಯಾಸವಾಗಿಬಿಟ್ಟಿದೆ. ಅವರು ಒಳ್ಳೆಯವರು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಅವರು ಹಠಮಾರಿ, ಕೈ ಬಿಗಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂರಲು ಯಾರಿಗೂ ಬೇಡವಾದ ಆಸಾಮಿ. ತಂಟೆಗೆ ಹೋಗದವರಂತೂ ಖಂಡಿತ ಅಲ್ಲ. ಒಂದು ಇಂಗ್ಲಿಷ್ ಪದದ ತಂಟೆಗೆ ಹೋಗಿ ನಮ್ಮ ಕಚೇರಿಯನ್ನು ಒಂದು ಇಡೀ ದಿನ ನಡುಗಿಸಿದವರು ಅವರು. ಇದನ್ನು ಹೇಳಲು ಬೇರೆ ಯಾರೂ ಉಳಿದಿಲ್ಲವಾದ್ದರಿಂದ ನಾನೇ ಹೇಳಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು. ಎಂಬತ್ತರ ಮೊದಲ ವರ್ಷಗಳವರೆಗೂ ಎಳೆಯಬಹುದು. ಇಲಾಖೆ ಯಾವುದು ಎಂಬುದು ಬೇಡ. ತರೀಕೆರೆಯಲ್ಲಿ ನಮ್ಮ ಕಚೇರಿ. ನಾನು ಅಲ್ಲಿ ಗುಮಾಸ್ತ, ಅವರು ವಾಹನಗಳ ಸೂಪರ್‌ವೈಜರು. ವಾಹನಗಳೆಂದರೆ ಮೂರು ಜೀಪು. ಕಡೂರಿನಲ್ಲೊಂದು, ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು. ಸಿಬ್ಬಂದಿಯನ್ನು ಹಳ್ಳಿಗಳಿಗೆ ಕರೆದೊಯ್ಯುವುದು ಅವುಗಳ ಕೆಲಸವೆಂದು ಆದೇಶದಲ್ಲಿ ಬರೆದಿತ್ತು. ಸಿಬ್ಬಂದಿಯೇ ಇಳಿದು ಅವುಗಳನ್ನು ಹಳ್ಳಿಯವರೆಗೆ ತಳ್ಳಿಕೊಂಡು ಹೋದದ್ದೂ ಉಂಟು. ಬಿಡಿಭಾಗ ಬೇಕೆಂದು ಮೇಲಿನ ಕಚೇರಿಗೆ ಬರೆದರೆ, ನಿಮ್ಮ ಕಾಗದ ತಲುಪಿದೆ ಎಂಬ ಕಾಗದ ಬರುತ್ತಿತ್ತು. ಬಿಡಿಭಾಗ ಬರುತ್ತಿರಲಿಲ್ಲ.

ಸೂಪರ್‌ವೈಜರು ಅಜ್ಜಂಪುರದ ಕಡೆಯ ಲಿಂಗಾಯತ ಮನೆಯವರು. ಹಣೆ ತುಂಬ ವಿಭೂತಿ, ಖಾಕಿ ಕೋಟು, ಕೋಟಿನೊಳಗೆ ಲಿಂಗದ ಕರಡಿಗೆ, ಕೋಟಿನ ಜೇಬಿನಲ್ಲಿ ಸ್ಪ್ಯಾನರ್. ಬೆಳಿಗ್ಗೆ ಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ಬೇಕರಿಯ ಬಿಸ್ಕತ್ತನ್ನು ಕೂಡ ಮೊಟ್ಟೆಯ ಗುಮಾನಿಯಿಂದ ಮೂಸಿ ನೋಡಿ ಕೆಳಗಿಡುತ್ತಿದ್ದರು. ಜೀಪಿನ ಬಾನೆಟ್ ಎತ್ತುವ ಮೊದಲು ಅದಕ್ಕೆ ಕಿವಿಯಿಟ್ಟು ಕೇಳುತ್ತಿದ್ದರು. “ಕೆಮ್ತಾ ಐತೆ” ಎನ್ನುತ್ತಿದ್ದರು. ಇಲ್ಲವೇ “ಇದಕ್ಕೆ ಯಾಕೋ ಮನಸ್ಸಿಗೆ ಬೇಜಾರಾಗೈತೆ, ಇವತ್ತು ಬ್ಯಾಡ” ಎನ್ನುತ್ತಿದ್ದರು. ಅಂಥ ದಿನ ಸ್ವತಃ ಅಮಲ್ದಾರರೇ ಬಂದು ಕೇಳಿದರೂ ಗಾಡಿ ಹೊರಡುತ್ತಿರಲಿಲ್ಲ.

ಅವರ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ಜೀಪಿಗೂ ಸೇರಿ, ಇಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬ್ಯುರೇಟರ್ ಚೆನ್ನಾಗಿದ್ದದ್ದು ಒಂದೇ ಒಂದು. ಅದು ಕಡೂರಿನ ಗಾಡಿಯದು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಚೆನ್ನಾಗಿದ್ದದ್ದು ಒಂದೇ, ಅದು ತರೀಕೆರೆಯದು. ಜೀವವಿದ್ದ ಬ್ಯಾಟರಿ ಒಂದೇ; ಅದು ಅಜ್ಜಂಪುರದ್ದು. ಹಾಗಾಗಿ ಒಂದು ಹೊತ್ತಿನಲ್ಲಿ ಒಂದು ಜೀಪು ಮಾತ್ರ ಓಡಲು ಸಾಧ್ಯ. ಸೂಪರ್‌ವೈಜರು ಪಾಳಿ ಹಚ್ಚಿದ್ದರು. ವಾರದ ಮೊದಲಿಗೆ ಈ ಮೂರೂ ಸಾಮಾನು ಕಡೂರಿನ ಜೀಪಿನಲ್ಲಿರುತ್ತಿದ್ದವು, ವಾರದ ನಡುವೆ ತರೀಕೆರೆಯ ಜೀಪಿಗೆ ಬರುತ್ತಿದ್ದವು, ಕೊನೆಗೆ ಅಜ್ಜಂಪುರದ್ದಕ್ಕೆ ಹೋಗುತ್ತಿದ್ದವು. ಸಾಗಿಸುವ ಕೆಲಸ ಅವರದೇ. ಬ್ಯಾಟರಿಯನ್ನು ಗೋಣಿತಾಟಿನಲ್ಲಿ ಸುತ್ತಿ, ಉಳಿದೆರಡನ್ನು ಬಟ್ಟೆಚೀಲದಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು.

ಒಮ್ಮೆ ಪಕ್ಕದಲ್ಲಿ ಕೂತಿದ್ದ ಲಿಂಗದಹಳ್ಳಿಯ ಹೆಂಗಸೊಬ್ಬಳು ಪೆಟ್ರೋಲ್ ವಾಸನೆಗೆ ಮೂಗು ಮುಚ್ಚಿ, “ಏನ್ ಯಜಮಾನ್ರೇ ಅದು ಚೀಲ್ದಲ್ಲಿ?” ಎಂದಳು.

“ಹೃದಯ ಕಣಮ್ಮ,” ಎಂದರು ಇವರು.

“ಯಾರ್ದು?”

“ಕಡೂರಿಂದು. ತರೀಕೆರೆಗೆ ಹಾಕೋಕೆ ತಗಂಡು ಹೋಯ್ತಿದೀನಿ.”

ಆಕೆ ಬೀರೂರು ದಾಟುವ ಮೊದಲೇ ಹಿಂದಿನ ಸೀಟಿಗೆ ಹೋಗಿ ಕೂತಳು. ಇವರಿಗೆ ಅದರಲ್ಲಿ ತಮಾಷೆಯೇನೂ ಕಾಣಲಿಲ್ಲ. ಮಾರನೆಯ ದಿನ ನನಗೆ ಹೇಳುವಾಗ, “ಕೇಳಿದ್ದಕ್ಕೆ ಸರಿಯಾಗೇ ಹೇಳಿದ್ನಲ್ರೀ” ಎಂದರು.

ಈ ವ್ಯವಹಾರಕ್ಕೆ ಅವರು ಇಟ್ಟಿದ್ದ ಹೆಸರು ಎರವಲು. ನಮ್ಮ ಮನೆಗಳಲ್ಲಿ ಹೆಪ್ಪಿಗೆ ಮೊಸರು, ಒಲೆಗೆ ಕೆಂಡ, ನೆಂಟರು ಬಂದಾಗ ದೊಡ್ಡ ಪಾತ್ರೆ ಎರವಲು ತರುತ್ತೇವಲ್ಲ, ಅದೇ. ಯಾವ ಸಾಮಾನು ಯಾವ ಗಾಡಿಯದು ಎಂಬುದು ಅವರ ನಾಲಿಗೆಯ ಮೇಲಿರುತ್ತಿತ್ತು. ಪಾಳಿ ಬಂದ ಗಾಡಿಯ ಮುಂದೆ ನಿಂತು, “ನೋಡಪ್ಪಾ, ಕಡೂರೋನು ಕಾರ್ಬ್ಯುರೇಟರ್ ಕೊಟ್ಟವನೆ, ಜೋಪಾನ” ಎಂದು ಅದಕ್ಕೇ ಹೇಳಿ, ಬ್ಯಾಟರಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕೂರಿಸುತ್ತಿದ್ದರು.

ಕಡೂರಿನ ಮತ್ತು ತರೀಕೆರೆಯ ಚಾಲಕರಿಬ್ಬರೂ ಖಾಯಂ ನೌಕರರು. ಅಜ್ಜಂಪುರದ ಜೀಪಿನ ಹನುಮಂತ ಮಾತ್ರ ತಾತ್ಕಾಲಿಕ. ಅಂತರಘಟ್ಟೆಯವನು. ಮೊದಲು ಲಾರಿಯೊಂದರಲ್ಲಿ ಕ್ಲೀನರಾಗಿ ದೇಶ ಸುತ್ತುತ್ತಿದ್ದವನನ್ನು ಇವರೇ ಮಾತಾಡಿಸಿ, ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿ, ಲೈಸೆನ್ಸ್ ಮಾಡಿಸಿ, ಕೆಲಸಕ್ಕೆ ಸೇರಿಸಿದ್ದರು. ಅವನು ಇವರ ನೆಂಟನಲ್ಲ, ಜಾತಿಯವನಲ್ಲ, ಊರಿನವನೂ ಅಲ್ಲ. ‘ನಂಬಿಕಸ್ತ’ ಎಂದಷ್ಟೇ ಹೇಳುತ್ತಿದ್ದರು. ಆ ಹೊತ್ತಿಗೆ ಅವನಿಗೆ ಮದುವೆಯಾಗಿ ಎರಡು ಮಕ್ಕಳಾಗಿದ್ದವು, ಜೊತೆಗೆ ವಯಸ್ಸಾದ ತಾಯಿ. ಮನೆಗೆ ಬರುತ್ತಿದ್ದ ಸಂಬಳ ಅವನದೊಂದೇ.

ಹೀಗಿರುವಾಗ ಮೇಲಿನಿಂದ ಆ ಸುತ್ತೋಲೆ ಬಂತು. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು: ಪ್ರತಿ ಉಪವಿಭಾಗವೂ ತನ್ನ ವಾಹನಗಳ ಪೈಕಿ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುವ ಒಂದನ್ನು ಆರಿಸಿ, ಅದನ್ನು ಕ್ಯಾನಿಬಲೈಸ್ ಮಾಡಿ, ಉಳಿದವನ್ನು ಸುಸ್ಥಿತಿಯಲ್ಲಿ ಇಡತಕ್ಕದ್ದು. ಹಾಗೆ ಒಂದು ವಾಹನ ಕಡಿಮೆಯಾದಾಗ, ತಾತ್ಕಾಲಿಕ ಚಾಲಕನಿದ್ದಲ್ಲಿ ಅವನ ಸೇವೆ ಇನ್ನು ಬೇಕಾಗಿರುವುದಿಲ್ಲ.

ಸೂಪರ್‌ವೈಜರು ಆ ಪದದ ಕೆಳಗೆ ಬೆರಳಿಟ್ಟುಕೊಂಡು ನನ್ನ ಮೇಜಿಗೆ ಬಂದರು. “ಏನ್ರೀ ಗುಮಾಸ್ತರೇ ಇದು? ಸರ್ವೀಸಿನಲ್ಲೇ ನೋಡಿಲ್ಲ ಇಂಥ ಪದ.”

ಕಚೇರಿಯಲ್ಲಿ ರಟ್ಟು ಕಿತ್ತುಹೋದ ಒಂದು ನಿಘಂಟಿತ್ತು. ತೆಗೆದು ನೋಡಿದೆ. ಕ್ಯಾನಿಬಲ್ ಎಂದರೆ ನರಮಾಂಸ ತಿನ್ನುವ ಮನುಷ್ಯ, ತನ್ನ ಜಾತಿಯ ಪ್ರಾಣಿಯನ್ನೇ ತಿನ್ನುವ ಪ್ರಾಣಿ ಎಂದಿತ್ತು. ಓದಿ ಹೇಳಿದೆ. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು ಕೋಟಿನ ಮೇಲಿನಿಂದಲೇ ಕರಡಿಗೆಯನ್ನು ಮುಟ್ಟಿಕೊಂಡರು.

“ಸರ್ಕಾರ ನಮಗೆ ಹೇಳೋ ಮಾತೇನ್ರೀ ಇದು?”

“ಹಾಗಲ್ಲ ಸರ್. ಯಂತ್ರಗಳಿಗೂ ಬಳಸ್ತಾರಂತೆ. ಒಂದು ಗಾಡಿ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕೋದಕ್ಕೆ ಹಾಗಂತಾರೆ. ನಾವು ಮಾಡ್ತಿರೋದೂ ಅದೇ ತಾನೇ?”

ನಾನು ಈ ಮಾತು ಆಡಬಾರದಿತ್ತು. ಅವರ ಮುಖ ಕೆಂಪಾಯಿತು. ಎದುರಿನ ಕುರ್ಚಿಯಲ್ಲಿ ಕೂತರು. ಅವರು ಕೂತರೆಂದರೆ ಮಾತು ಬೇಗ ಮುಗಿಯುವುದಿಲ್ಲವೆಂದು ಅರ್ಥ.

“ತಿಂದಿದ್ದು ವಾಪಸ್ ಬತ್ತದೇನ್ರೀ?”

“ಇಲ್ಲ.”

“ನಮ್ದು ಬತ್ತದೆ. ಸೋಮವಾರ ಕಡೂರಿನ ಸಾಮಾನು ಕಡೂರಿಗೇ ಹೋಯ್ತದೆ. ತಿಂದ ಮೇಲೆ ತಿನ್ನಿಸ್ಕೊಂಡೋನು ಇರ್ತಾನಾ?”

“ಇರಲ್ಲ.”

“ನಮ್ಮಲ್ಲಿ ಮೂರೂ ಅವೆ. ಹಂಗಾದ್ಮೇಲೆ ನಮ್ದು ಎರವಲು. ಅವ್ರು ಹೇಳ್ತಿರೋದು ಬ್ಯಾರೆ. ಒಂದನ್ನ ಕೊಂದು ಎರಡಕ್ಕೆ ಬಡಿಸು ಅಂತವ್ರೆ. ಬರೀ ಜೀಪಲ್ಲ, ಅದ್ರ ಜೊತೆ ಹನುಮಂತನ್ನೂ ಎಲೆಗೆ ಹಾಕು ಅಂತವ್ರೆ. ಕರ್ಕೊಂಡು ಬಂದೋನು ನಾನು. ನಾನೇ ತಿನ್ಲಾ?”

ಹನುಮಂತನ ಕೆಲಸ ಹೋಗುವ ಮಾತು ನನಗೆ ಆಗಲೇ ಹೊಳೆದದ್ದು. ಅವರಿಗೆ ಮೊದಲ ಓದಿಗೇ ಹೊಳೆದಿತ್ತು.

ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮತ್ತೆ ಶುರುಮಾಡಿದರು. “ನೋಡ್ರೀ, ನಮ್ಮ ಮಾತ್ನಲ್ಲಿ ಏನೇನು ತಿಂತೀವಿ ಲೆಕ್ಕ ಹಾಕಿ. ಲಂಚ ತಿಂತೀವಿ, ಏಟು ತಿಂತೀವಿ, ತಲೆ ತಿಂತೀವಿ. ನಮ್ಮ ಮನೆಯೋಳು ನನ್ನ ನೋಡಿ ದಿನಾ ಜೀವ ತಿಂತೀರಿ ಅಂತಾಳೆ. ಇಷ್ಟೆಲ್ಲಾ ತಿಂದು ಸಾಲ್ದು ಅಂತ ಈಗ ಜೀಪ್ ತಿನ್ನೋಕೆ ಇಂಗ್ಲೀಷಿಂದ ಪದ ತರ್ಸವ್ರೆ.”

ಅವರನ್ನು ಕೆಣಕದೆ ಬಿಡುವುದು ನನ್ನ ಸ್ವಭಾವವಲ್ಲ. ಅವರ ಕೊಡೆಯನ್ನು ತೋರಿಸಿದೆ. ಅದು ಎರಡು ಕೊಡೆಗಳಿಂದ ಆದ ಒಂದು ಕೊಡೆ. ಕಡ್ಡಿ ಒಂದರದು, ಬಟ್ಟೆ ಇನ್ನೊಂದರದು, ಹಿಡಿಕೆ ಯಾವುದೋ ವಾಕಿಂಗ್ ಸ್ಟಿಕ್ಕಿನದು. ಅವರ ಕನ್ನಡಕವೂ ಹಾಗೆಯೇ ಹುಟ್ಟಿದ್ದು. ಕೋಟಿನ ಕಾಲರನ್ನು ಬಿಚ್ಚಿ ಮೊಣಕೈಗೆ ತೇಪೆ ಹಾಕಿಸಿದ್ದರು. “ಇದಕ್ಕೇನಂತೀರಿ ಸರ್? ಆ ಎರಡನೇ ಕೊಡೆ ಎಲ್ಲಿ?”

“ಅದು ಸತ್ತೋಗಿತ್ತು ಕಣ್ರೀ. ಸತ್ತ ಮ್ಯಾಲೆ ತಗಂಡೆ. ಉಸಿರಾಡೋದನ್ನ ಹಿಡ್ಕಂಡು ಕುಯ್ಲಿಲ್ಲ,” ಎಂದರು. ಆಮೇಲೆ ನಿಘಂಟನ್ನು ಎತ್ತಿ ನನ್ನ ಡ್ರಾಯರಿನೊಳಗೆ ಹಾಕಿ, ತಾವೇ ಮುಚ್ಚಿದರು.

ಕಚೇರಿಯವರಿಗೆ ಮಾತ್ರ ಆ ಪದ ಹಬ್ಬವಾಯಿತು. ಒಬ್ಬನ ಟಿಫಿನ್ನಿನಿಂದ ಇನ್ನೊಬ್ಬ ಚಿತ್ರಾನ್ನ ತೆಗೆದರೆ ಕ್ಯಾನಿಬಲ್. ಅಣ್ಣನ ಹೋಟೆಲಿನ ಎದುರಿಗೇ ತಮ್ಮ ಹೋಟೆಲು ಇಟ್ಟರೆ ಕ್ಯಾನಿಬಲ್. ಮೊಟ್ಟೆ ಕುಡಿಯುವ ಕೋಳಿಯಿಂದ ಹಿಡಿದು ಪಕ್ಷ ಬದಲಿಸುವ ಪುಢಾರಿಯವರೆಗೆ ಯಾರನ್ನೂ ಬಿಡಲಿಲ್ಲ. ನಮ್ಮ ಜವಾನ ತನ್ನ ಷಡ್ಡಕನಿಗೆ ಆ ಹೆಸರನ್ನು ಖಾಯಂ ಮಾಡಿದ. ಸೂಪರ್‌ವೈಜರು ಬಾಗಿಲಲ್ಲಿ ಕಂಡರೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ಅವರೆದುರಿಗೆ ಆ ಪದ ಆಡಿದವನಿಗೆ ಜೀಪಿನ ಪಾಳಿ ತಪ್ಪುತ್ತದೆಂಬ ಭಯ ಎಲ್ಲರಿಗೂ ಇತ್ತು.

ಸುತ್ತೋಲೆಗೆ ಉತ್ತರವನ್ನು ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ಇಳಿಸಿದೆ. ‘ಈ ಉಪವಿಭಾಗದಲ್ಲಿ ಅಂಥ ಪದ್ಧತಿ ಇರುವುದಿಲ್ಲ. ಮೂರು ವಾಹನಗಳೂ ಓಡುತ್ತಿವೆ. ಯಾವುದನ್ನೂ ಹಾಗೆ ಮಾಡುವ ಅಗತ್ಯ ಕಾಣುವುದಿಲ್ಲ.’ ಮೂರೂ ಒಟ್ಟಿಗೆ ಓಡುತ್ತಿವೆ ಎಂದು ಅವರು ಹೇಳಲಿಲ್ಲ, ನಾನೂ ಬರೆಯಲಿಲ್ಲ.

ಇಷ್ಟು ಹಳೆಯ ಜೀಪುಗಳು ಮೂರಕ್ಕೆ ಮೂರೂ ಓಡುತ್ತಿವೆ ಎಂಬ ಸುದ್ದಿಯನ್ನು ಜಿಲ್ಲಾ ಕಚೇರಿ ನಂಬಲಿಲ್ಲವೆಂದು ಕಾಣುತ್ತದೆ. ಒಬ್ಬ ಅಧಿಕಾರಿ ಖುದ್ದು ತನಿಖೆಗೆ ಬರುತ್ತಾರೆಂದು ತಿಳಿಸಿದರು. ಬೆಳಿಗ್ಗೆ ಕಡೂರು, ಮಧ್ಯಾಹ್ನ ತರೀಕೆರೆ, ಸಂಜೆ ಅಜ್ಜಂಪುರ. ಓಡದ ಗಾಡಿ ಸಿಕ್ಕರೆ ಅದನ್ನು ಅಲ್ಲಿಯೇ ಪಟ್ಟಿಯಿಂದ ತೆಗೆಯುತ್ತಾರೆ, ಹನುಮಂತ ಮನೆಗೆ ಹೋಗಬೇಕು. ಮೂರೂರಿಗೆ ಒಂದೇ ದಿನ, ಹೃದಯ ಇರುವುದು ಒಂದೇ.

ಹನುಮಂತ ತರೀಕೆರೆಗೇ ಬಂದು ಸೂಪರ್‌ವೈಜರ ಮುಂದೆ ನಿಂತ. “ಸಾ, ನನ್ನಿಂದ ನಿಮಗ್ಯಾಕೆ ತೊಂದ್ರೆ? ನಾನು ಲಾರಿಗೇ ಹೋಯ್ತೀನಿ ಬಿಡಿ.”

“ಲೇ, ನಿನ್ನ ಕೇಳಿದ್ನಾ ನಾನು?” ಎಂದರು ಇವರು. “ಹೋಗಿ ಅಜ್ಜಂಪುರದ ಶೆಡ್ಡಿನ ಹಿಂದ್ಗಡೆ ಬಾಗಿಲಿಗೆ ಎಣ್ಣೆ ಬಿಡು. ತೆಗಿಯುವಾಗ ಸದ್ದಾಗಬಾರ್ದು.”

ಆ ಅಧಿಕಾರಿ ಕಡೂರಿಗೆ ಬಸ್ಸಿನಲ್ಲಿ ಬಂದಿಳಿದರು. ಅವರ ಜೀಪು ಕೆಟ್ಟು ನಿಂತು ಬಹಳ ಕಾಲವಾಗಿತ್ತಂತೆ. ಸಫಾರಿ ಸೂಟು, ಕಡಿಮೆ ಮಾತು. ಸಂತೆಯಲ್ಲಿ ಹಲಸಿನಹಣ್ಣು ತಟ್ಟಿ ನೋಡುವವರ ಹಾಗೆ ಬಾನೆಟ್ಟನ್ನು ತಟ್ಟಿ ನೋಡುವುದು ಅವರ ಅಭ್ಯಾಸ. ಕಡೂರಿನ ಜೀಪಿನಲ್ಲಿ ಮೂರೂ ಸಾಮಾನು ಕೂತಿದ್ದವು. ಒಂದೇ ಏಟಿಗೆ ಹೊರಟಿತು. ಅವರು ಹೂಂ ಎಂದರು. ಎದುರುಗೊಳ್ಳಲು ಹೋಗಿದ್ದ ಸೂಪರ್‌ವೈಜರೂ ನಾನೂ ಸಾಹೇಬರ ಜೊತೆ ಅದೇ ಜೀಪಿನಲ್ಲಿ ತರೀಕೆರೆಗೆ ಬಂದೆವು.

ತರೀಕೆರೆಯಲ್ಲಿ ಊಟ ಸೂಪರ್‌ವೈಜರ ಮನೆಯಲ್ಲಿ. ಅವರ ಮನೆಯವರು ಹೋಳಿಗೆ ಮಾಡಿದ್ದರು. ಜನ್ಮದಲ್ಲಿ ಯಾರಿಗೂ ಎರಡನೇ ಲೋಟ ಕಾಫಿ ಕೊಡಿಸದ ಮನುಷ್ಯ ಆ ದಿನ ತುಪ್ಪದ ಮಿಳ್ಳೆ ಹಿಡಿದು ಸಾಹೇಬರ ಎಲೆಯ ಮುಂದೆ ಬಗ್ಗಿ ನಿಂತಿದ್ದರು. ಊಟದ ಮೇಲೆ ಚಾಪೆ, ದಿಂಬು, ಬೀಸಣಿಗೆ. ಸಾಹೇಬರು ಮಲಗಿದರು. ಅವರು ಏಳುವಷ್ಟರಲ್ಲಿ ಕಚೇರಿಯ ಹಿಂದೆ ಕಡೂರಿನ ಜೀಪಿನ ಸಾಮಾನೆಲ್ಲ ತರೀಕೆರೆಯ ಜೀಪಿಗೆ ಬಂದಿತ್ತು. ಬರಿದಾದ ಕಡೂರಿನ ಜೀಪನ್ನು ನಾವು ನಾಲ್ಕಾರು ಜನ ಸೇರಿ ಪಕ್ಕದ ಸಾಮಿಲ್ಲಿನ ಮರದ ರಾಶಿಯ ಹಿಂದಕ್ಕೆ ನೂಕಿದೆವು. ಸಾಹೇಬರು ಎದ್ದು ಮುಖ ತೊಳೆದು ಬಂದು ತರೀಕೆರೆಯ ಜೀಪನ್ನು ತಟ್ಟಿ ನೋಡಿದರು. ಹೊರಟಿತು. “ನಾವು ಬಂದ ಗಾಡಿ ಎಲ್ಲಿ?” ಎಂದರು.

“ಅದಕ್ಕೆ ಬ್ಯಾರೆ ಕೆಲಸ ಇತ್ತು ಸರ್,” ಎಂದರು ಸೂಪರ್‌ವೈಜರು. ಮರದ ರಾಶಿಯ ಹಿಂದೆ ಅಡಗಿ ನಿಲ್ಲುವುದನ್ನೂ ಕೆಲಸವೆನ್ನುವುದಾದರೆ ಅದು ಸುಳ್ಳಲ್ಲ.

ಅಜ್ಜಂಪುರದಲ್ಲಿ ಏನು ಮಾಡಬೇಕೆಂಬುದೂ ತಯಾರಾಗಿತ್ತು. ಸೂಪರ್‌ವೈಜರ ನೆಂಟರ ಮನೆಯಲ್ಲಿ ಸಾಹೇಬರಿಗೆ ಕಾಲಿಗೆ ನೀರು, ಉಪ್ಪಿಟ್ಟು, ಅವಲಕ್ಕಿ, ಕಾಫಿ, ಊರ ಹಿರಿಯರ ಜೊತೆ ಮಾತು. ಅಷ್ಟರಲ್ಲಿ ಹನುಮಂತನೂ ನಾನೂ ಸಾಮಾನು ಬದಲಿಸಿಬಿಡುವುದು. ಸೂಪರ್‌ವೈಜರೇ ಓಡಿಸಿಕೊಂಡು ಬಂದ ತರೀಕೆರೆಯ ಜೀಪನ್ನು ನೆರಳಿನ ನೆಪದಲ್ಲಿ ಶೆಡ್ಡಿನ ಹಿಂಬಾಗಿಲಿಗೆ ಒತ್ತರಿಸಿ ನಿಲ್ಲಿಸಿದ್ದೂ ಆಯಿತು. ಸಾಹೇಬರು ಇಳಿದವರೇ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. “ಇನ್ನೂ ನಿಮ್ಮ ಮನೆ ಹೋಳಿಗೇನೇ ಕರಗಿಲ್ಲ. ತಿಂಡಿ ಬೇಡ, ಕಾಫಿನೂ ಬೇಡ. ಗಾಡಿ ತೋರಿಸಿ, ನಾನು ಹೊರಡಬೇಕು.”

ತುಪ್ಪ ಹೆಚ್ಚಾಗಿತ್ತು. ಮಧ್ಯಾಹ್ನ ನಮ್ಮನ್ನು ಕಾಪಾಡಿದ ಹೋಳಿಗೆ ಸಂಜೆ ನಮ್ಮ ಕುತ್ತಿಗೆಗೇ ಬಂತು. ಶೆಡ್ಡಿನ ಮುಂದಿನ ಬಾಗಿಲು ಮುಚ್ಚಿತ್ತು. ಒಳಗೆ ಹನುಮಂತನ ಜೀಪು ಕಾರ್ಬ್ಯುರೇಟರಿಲ್ಲದೆ, ಡಿಸ್ಟ್ರಿಬ್ಯೂಟರಿಲ್ಲದೆ, ಬ್ಯಾಟರಿಯಿಲ್ಲದೆ ನಿಂತಿತ್ತು. ಅದರ ಪಕ್ಕದಲ್ಲಿ ಹನುಮಂತ ನಿಂತಿದ್ದ. ಸಾಹೇಬರು ಬಾಗಿಲಿಗೆ ಕೈ ಚಾಚಿದರು.

“ಸರ್, ಒಂದ್ನಿಮಿಷ,” ಎಂದರು ಸೂಪರ್‌ವೈಜರು. “ನಮ್ಮ ಕಡೆ ಒಂದು ಪದ್ಧತಿ ಐತೆ. ಮೇಲಿನ ಸಾಹೇಬ್ರು ಮೊದಲ್ನೇ ಸಲ ಗಾಡಿ ನೋಡೋಕೆ ಬಂದ್ರೆ, ಬಾಗಿಲಿಗೆ ಪೂಜೆ ಆಗದೆ ಬಾಗಿಲು ತೆಗೆಯಂಗಿಲ್ಲ.”

ನನಗೆ ತಿಳಿದಂತೆ ಅಂಥ ಪದ್ಧತಿ ಆ ಸೀಮೆಯಲ್ಲಿ ಎಲ್ಲಿಯೂ ಇರಲಿಲ್ಲ. ಆ ನಿಮಿಷದಲ್ಲಿ ಹುಟ್ಟಿದ್ದು. ಸಾಹೇಬರು ದೇವರು ದಿಂಡರೆಂದರೆ ಹೆದರುವ ಜಾತಿಯವರು. ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಸೂಪರ್‌ವೈಜರು ನನ್ನ ಕಡೆ ನೋಡಿ, “ಗುಮಾಸ್ತರೇ, ಹಿಂದ್ಗಡೆಯಿಂದ ಹೂ ಕಿತ್ಕಂಡು ಬರ್ರಿ” ಎಂದರು. ನಾನು ಓಡಿದೆ. ಹಿಂದೆ ಹೂವಿನ ಗಿಡವೇ ಇರಲಿಲ್ಲ.

ಹಿಂಬಾಗಿಲು ಸದ್ದಿಲ್ಲದೆ ತೆರೆಯಿತು. ಹನುಮಂತನೂ ನಾನೂ ತರೀಕೆರೆಯ ಜೀಪಿನಿಂದ ಬಿಚ್ಚಿ ಬಿಚ್ಚಿ ಒಳಕ್ಕೆ ತಂದೆವು. ಕಾರ್ಬ್ಯುರೇಟರ್ ಇನ್ನೂ ಸುಡುತ್ತಿತ್ತು. ನನ್ನ ಪಂಚೆಯ ಅಂಚಿನಿಂದ ಹಿಡಿದೆ. ಹೊರಗೆ ಸೂಪರ್‌ವೈಜರ ದನಿ ಏರಿತು. ಮೊದಲು ಅವರಿಗೆ ಬರುತ್ತಿದ್ದ ಮಂತ್ರಗಳೆಲ್ಲ ಆದವು. ಅವು ಬೇಗ ಮುಗಿದವು. ಆಮೇಲೆ ಜೀಪು ಓಡಾಡುವ ಊರುಗಳ ದೇವರನ್ನು ಒಬ್ಬೊಬ್ಬರಾಗಿ ಕರೆಯತೊಡಗಿದರು. “ಅಂತರಘಟ್ಟೆ ಅಮ್ಮಾ, ತಾಯೀ, ಬಂದು ನಿಂತ್ಕೋ. ಲಿಂಗದಹಳ್ಳಿ ಸ್ವಾಮೀ, ಬಂದು ನಿಂತ್ಕೋ. ಚೌಳಹಿರಿಯೂರಿನ ಸ್ವಾಮೀ, ನೀನೂ ಬಾ.” ಚೌಳಹಿರಿಯೂರು ಕಡೂರಿನ ಜೀಪಿಗೆ ಸೇರಿದ್ದು. ಆಕ್ಷೇಪಣೆ ಎತ್ತುವ ಪರಿಸ್ಥಿತಿಯಲ್ಲಿ ನಾನಿರಲಿಲ್ಲ.

ಹನುಮಂತನ ಸ್ಪ್ಯಾನರ್ ಎರಡು ಸಲ ಜಾರಿತು. “ನಟ್ಟು ಕೂರ್ತಾ ಇಲ್ಲ ಸಾ,” ಎಂದ ಪಿಸುದನಿಯಲ್ಲಿ.

“ದೇವರುಗಳು ಮುಗೀತಾ ಬಂದ್ರು ಕಣೋ, ಬೇಗ.”

ಹೊರಗೆ ಆಗಲೇ ರೈಲ್ವೆ ಗೇಟಿನ ಮುನಿಯಪ್ಪ ದೇವರ ಸರದಿ ಬಂದಿತ್ತು. ಬ್ಯಾಟರಿಯ ಕೊನೆಯ ನಟ್ಟು ಬಿಗಿಯಾದದ್ದೇ ಹನುಮಂತ ಹಾರನ್ನಿನ ಮೇಲೆ ಕೈಯೊತ್ತಿಬಿಟ್ಟ.

“ಅದೇನದು?” ಎಂದರು ಸಾಹೇಬರು.

“ಗಾಡಿ ಒಪ್ಪಿಗೆ ಕೊಡ್ತು ಸರ್,” ಎಂದು ಸೂಪರ್‌ವೈಜರು ಬಾಗಿಲನ್ನು ತೆಗೆದರು.

ಜೀಪು ಮೊದಲ ಸಲಕ್ಕೇ ಹೊರಟಿತು. ಆ ಶೆಡ್ಡಿನಲ್ಲಿ ಅಷ್ಟು ಚೆನ್ನಾಗಿ ಅದು ಯಾವತ್ತೂ ಹೊರಟಿರಲಿಲ್ಲ. ಸಾಹೇಬರು ಸುತ್ತ ಒಂದು ಬಾರಿ ಬಂದರು, ತಟ್ಟಿದರು, ಬಾನೆಟ್ ಎತ್ತಿಸಿ ಬಗ್ಗಿ ನೋಡಿದರು. ಬ್ಯಾಟರಿಯ ಮೇಲೆ ಅವರ ಕಣ್ಣು ನಿಂತಿತು.

“ಮೂರು ಗಾಡಿಗೂ ವಿಭೂತಿ ಒಂದೇ ಥರ ಹಚ್ಚಿದೀರಲ್ರೀ. ಇಲ್ಲಿ ಎಡಗಡೆ ಸ್ವಲ್ಪ ಒರೆಸಿ ಹೋಗಿದೆ. ಕಡೂರಲ್ಲೂ ಹಿಂಗೇ ಒರೆಸಿತ್ತು.”

“ಹಚ್ಚೋ ಕೈ ಒಂದೇ ಸರ್,” ಎಂದರು ಸೂಪರ್‌ವೈಜರು.

ಸಾಹೇಬರು ಅವರ ಮುಖವನ್ನು ಒಂದು ಕ್ಷಣ ನೋಡಿದರು. ಅವರಿಗೆ ಗೊತ್ತಾಯಿತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಜೇಬಿನಿಂದ ಕರವಸ್ತ್ರ ತೆಗೆದು ಕೈ ಒರೆಸಿಕೊಂಡು, ಮೂರೂ ವಾಹನಗಳು ಸುಸ್ಥಿತಿಯಲ್ಲಿವೆ ಎಂದರು. ನನಗೆ ಉಸಿರು ಬಂತು. ಹನುಮಂತ ಕಣ್ಣು ಮುಚ್ಚಿಕೊಂಡ. ಸಾಹೇಬರ ಮಾತು ಮಾತ್ರ ಅಲ್ಲಿಗೆ ಮುಗಿದಿರಲಿಲ್ಲ.

“ಇಷ್ಟು ಚೆನ್ನಾಗಿ ಇಟ್ಕೊಂಡಿದೀರಿ. ಜಿಲ್ಲಾ ಕಚೇರೀಲಿ ನಾವು ಗಾಡಿ ಇಲ್ಲದೆ ಬಸ್ಸಲ್ಲಿ ಓಡಾಡ್ತಿದೀವಿ. ನಿಮಗೆ ಎರಡು ಸಾಕು. ಇದನ್ನ ನಾನು ಈಗಲೇ ತಗೊಂಡು ಹೋಗ್ತೀನಿ. ಇವತ್ತು ಯಾರಾದ್ರೂ ಬಿಟ್ಟು ಬರ್ಲಿ, ಆಮೇಲೆ ಡ್ರೈವರ್‌ನ ನಾನೇ ನೋಡ್ಕೋತೀನಿ.”

ಆ ಒಂದು ಜೀಪಿನ ಹೊಟ್ಟೆಯಲ್ಲಿ ನಮ್ಮ ಮೂರೂ ಜೀಪುಗಳಿದ್ದವು. ಅದು ಹೋದರೆ ಕಡೂರಿನದೂ ತರೀಕೆರೆಯದೂ ಬರೀ ತಗಡು. ‘ಕೊಡೋಕಾಗಲ್ಲ’ ಎನ್ನಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ಹನುಮಂತ ಮನೆಗೆ. ಸುಮ್ಮನಿದ್ದು ಕೊಟ್ಟರೂ ಗಾಡಿಯಿಲ್ಲದ ಚಾಲಕ ಮನೆಗೇ. ಸೂಪರ್‌ವೈಜರು ಹನುಮಂತನ ಕಡೆ ನೋಡಿದರು. ಅವನು ಮೈಯೆಲ್ಲ ಗ್ರೀಸಾಗಿ, ಸ್ಪ್ಯಾನರ್ ಹಿಡಿದು ನಿಂತಿದ್ದ. ಸೂಪರ್‌ವೈಜರು ಮುಂದೆ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು.

“ತಗಂಡು ಹೋಗಿ ಸರ್. ಆದ್ರೆ ಇದು ಇವನ ಕೈ ಬಿಟ್ರೆ ಬ್ಯಾರೆಯವರ ಕೈಗೆ ಬಗ್ಗಲ್ಲ.”

“ಅದೇನ್ರೀ ಹಾಗಂದ್ರೆ?”

“ಹಳೇ ಗಾಡಿ ಸರ್. ಅಭ್ಯಾಸ ಆಗ್ಬಿಟ್ಟೈತೆ. ಸ್ಟೆಪ್ನಿ ಇಲ್ಲೇ ಬಿಟ್ಟು ಬೇಕಾದ್ರೆ ಹೋಗಿ, ಇವನ್ನ ಬಿಟ್ಟು ಹೋದ್ರೆ ಬೀರೂರೂ ದಾಟಲ್ಲ. ಇವನೂ ಅದ್ರದ್ದೇ ಒಂದು ಸಾಮಾನು ಅನ್ಕಳ್ಳಿ.”

“ಇವನು ಟೆಂಪರರಿ ಅಲ್ವಾ?”

“ಗಾಡಿ ಪರ್ಮನೆಂಟಲ್ವಾ ಸರ್.”

ಸಾಹೇಬರು ಹನುಮಂತನನ್ನು ಮೇಲಿನಿಂದ ಕೆಳಗೆ ನೋಡಿದರು. ಅವನನ್ನೂ ತಟ್ಟಿ ನೋಡುತ್ತಾರೇನೋ ಎನ್ನಿಸಿತು ನನಗೆ. “ಆಯ್ತು. ನಮ್ಮಲ್ಲಿ ಡ್ರೈವರ್ ರಿಟೈರಾಗಿ ಪರ್ಮನೆಂಟ್ ಜಾಗ ಖಾಲಿ ಇದೆ. ನಾಳೆ ಬೆಳಿಗ್ಗೆ ಆರ್ಡರ್ ಹಾಕಿಸ್ತೀನಿ, ಆ ಜಾಗಕ್ಕೇ ಕೂತ್ಕೊಳ್ಳಲಿ,” ಎಂದರು.

ಹನುಮಂತನಿಗೆ ಏನಾಗುತ್ತಿದೆಯೆಂದು ತಿಳಿಯಲೇ ಇಲ್ಲ. “ಸಾ, ಬಟ್ಟೆ ತಂದಿಲ್ಲ, ಮನೇಲಿ ಹೇಳಿಲ್ಲ,” ಎಂದು ತಡವರಿಸಿದ.

“ಹತ್ತೋ ಲೇ. ನಿಮ್ಮವ್ವಂಗೆ ನಾನು ಹೇಳಿ ಬತ್ತೀನಿ,” ಎಂದು ಸೂಪರ್‌ವೈಜರು ಗದರಿ, ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು.

ಜೀಪು ಶೆಡ್ಡಿನಿಂದ ಹೊರಬಂದು, ರೈಲ್ವೆ ಗೇಟು ದಾಟಿ, ಧೂಳೆಬ್ಬಿಸಿಕೊಂಡು ಹೋಯಿತು. ಆ ಕ್ಷಣ ನನಗೆ ಈ ಮನುಷ್ಯನ ಮೇಲೆ ಬಂದಷ್ಟು ಪ್ರೀತಿ ಯಾವ ಮೇಲಧಿಕಾರಿಯ ಮೇಲೂ ಬಂದಿದ್ದಿಲ್ಲ. ಅದರ ಹಿಂದೆಯೇ ಚಿಂತೆಯೂ ಬಂತು. ನಾವು ಬಂದ ಜೀಪು ಶೆಡ್ಡಿನ ಹಿಂದೆ ಬಾನೆಟ್ ತೆರೆದುಕೊಂಡು ನಿಂತಿತ್ತು. ಕಡೂರಿನದು ಮರದ ರಾಶಿಯ ಹಿಂದೆ. ನಾವು ಬಸ್ಸಿಗಾಗಿ ರಸ್ತೆಗೆ ಬಂದು ನಿಂತೆವು.

“ಸರ್, ಮೂರೂ ಹೋದ್ವಲ್ಲ,” ಎಂದೆ. “ಎರವಲು ಅನ್ನೋ ಹಂಗೂ ಇಲ್ಲ, ಅದು ವಾಪಸ್ ಬರಲ್ಲ. ಈಗಲಾದ್ರೂ ಆ ಪದ ಒಪ್ಕೋತೀರಾ?”

ಅವರು ಸ್ಪ್ಯಾನರನ್ನು ಜೇಬಿಗಿಳಿಸಿ ಯೋಚಿಸಿದರು. ಪದದ ವಿಷಯದಲ್ಲಿ ಅವರು ತಮಾಷೆಗೂ ಅವಸರ ಮಾಡುತ್ತಿರಲಿಲ್ಲ.

“ಇಲ್ಲ ಕಣ್ರೀ. ಇದು ಹೆಣ್ಣು ಕೊಟ್ಟು ಕಳಿಸ್ದಂಗೆ. ಮೂರು ಮನೆ ಒಡವೆ ಒಂದು ಮೈಮೇಲೆ ಹಾಕಿ ಕಳಿಸ್ದೀವಿ. ಕಳಿಸ್ದೋರು ಒಡವೆ ವಾಪಸ್ ಕೇಳ್ತಾರೇನ್ರೀ?”

“ಕಳಿಸಿದ್ದೇನೋ ಸರಿ. ಹನುಮಂತ ಒಂದ್ಸಲ ತಿರುಗಿ ಕೂಡ ನೋಡ್ಲಿಲ್ಲ.”

“ಡ್ರೈವರಾದೋನು ಮುಂದೆ ನೋಡ್ಬೇಕು. ಹಿಂದೆ ನೋಡೋಕೆ ನಾವಿದೀವಲ್ಲ,” ಎಂದರು. ಹಾಗೆಂದವರು ಬಸ್ಸು ಬಂದು ಕಂಡಕ್ಟರು ಎರಡು ಸಲ ಕೂಗುವವರೆಗೂ ಆ ರಸ್ತೆಯನ್ನೇ ನೋಡುತ್ತ ನಿಂತಿದ್ದರು.